ಭೌತಶಾಸ್ತ್ರದ ಪೆಟ್ಟಿಗೆಗೆ ರಸಾಯನಶಾಸ್ತ್ರದ ಲೇಬಲ್: ಒಂದು ಕ್ಯಾಲೊರಿಮೀಟರ್ ಕಿಟ್ಟಿನ ವಿಮರ್ಶೆ

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಈ ವರ್ಷ ಪ್ರಯೋಗಾಲಯಕ್ಕೆಂದು ನಾಲ್ಕು ಕ್ಯಾಲೊರಿಮೀಟರ್ ಕಿಟ್‌ಗಳನ್ನು ತರಿಸಿದೆ. ಆಮ್ಲ ಮತ್ತು ಕ್ಷಾರ ಬೆರೆತಾಗ ಹುಟ್ಟುವ ಉಷ್ಣವನ್ನು ಅಳೆಯುವುದಕ್ಕಾಗಿಯೇ ತಯಾರಿಸಿದ್ದು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಒಂದಕ್ಕೆ 1,450 ರೂಪಾಯಿ ಬಿತ್ತು. ಎರಡು ತಿಂಗಳ ಕಾಲ ಮೂರು ಬ್ಯಾಚುಗಳ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿದ ಮೇಲೆ ಅವುಗಳ ಗುಣದೋಷವನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನಾಗಲಿ ಕೊಂಡ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಇದೇ ಅಚ್ಚಿನ ಪೆಟ್ಟಿಗೆ ಬೇರೆ ಬೇರೆ ಲೇಬಲ್ ಅಂಟಿಸಿಕೊಂಡು ಮಾರಾಟವಾಗುವುದನ್ನು ಕಂಡಿದ್ದೇನೆ, ಮೇಲಾಗಿ ನನ್ನ ತಕರಾರು ವ್ಯಾಪಾರಿಯ ಮೇಲಿರುವುದಕ್ಕಿಂತ ಹೆಚ್ಚಾಗಿ ವಸ್ತುವಿನ ಮೇಲಿದೆ.

ಇಷ್ಟು ವರ್ಷ ನಮಗೆ ಇಂಥ ಕಿಟ್ ಬೇಕಾಗಿರಲಿಲ್ಲ. ಎರಡು ಥರ್ಮೋಕೋಲ್ ಲೋಟಗಳನ್ನು ಒಂದರೊಳಗೊಂದು ಇಟ್ಟು, ಮೇಲೊಂದು ರಟ್ಟು ಮುಚ್ಚಿದರೆ ಪದವಿಪೂರ್ವ ಮಟ್ಟಕ್ಕೆ ಸಾಲುವ ಕ್ಯಾಲೊರಿಮೀಟರ್ ಸಿದ್ಧವಾಗುತ್ತಿತ್ತು. ಥರ್ಮೋಕೋಲ್ ಹಗುರ, ತಾನು ಹೀರಿಕೊಳ್ಳುವ ಉಷ್ಣ ತೀರ ಕಡಿಮೆ, ನೀರು ಬೆರೆಸಿ ತೆಳುವಾಗಿಸಿದ ಆಮ್ಲಕ್ಕೂ ಕ್ಷಾರಕ್ಕೂ ಅದು ಜಗ್ಗುವುದಿಲ್ಲ. 2022ರ ಜುಲೈ 1ರಿಂದ ಥರ್ಮೋಕೋಲ್ ಸೇರಿದಂತೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆಗಳ ಮೇಲೆ ದೇಶದಾದ್ಯಂತ ನಿಷೇಧ ಬಂದ ಮೇಲೆ ನಮ್ಮ ಕಡೆಯ ಅಂಗಡಿಗಳಲ್ಲಿ ಆ ಲೋಟಗಳನ್ನು ಕೇಳುವುದನ್ನೇ ಬಿಟ್ಟೆವು. ನಿಷೇಧದ ಬಗ್ಗೆ ನನಗೆ ಆಕ್ಷೇಪವಿಲ್ಲ. ಕಪಾಟಿನಲ್ಲಿ ಉಳಿದಿದ್ದ ಹಳೆಯ ಲೋಟಗಳನ್ನೇ ತೊಳೆದು ತೊಳೆದು ಬಳಸಿ, ಕೊನೆಯ ಜೋಡಿಯ ತಳ ಬಿರಿದ ಮೇಲೆ ಕಿಟ್ ಕೊಳ್ಳದೆ ಗತ್ಯಂತರವಿಲ್ಲವೆಂದು ತೀರ್ಮಾನಿಸಿದೆವು.

ಪೆಟ್ಟಿಗೆ ನೋಡಲು ಅಚ್ಚುಕಟ್ಟಾಗಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ವಾರ್ನಿಷ್ ಹಚ್ಚಿದ ಮರದ ಚೌಕ ಪೆಟ್ಟಿಗೆ, ಒಳಗೆ ಒತ್ತಾಗಿ ತುಂಬಿದ ಉಣ್ಣೆಯ ಪದರ, ಅದರ ನಡುವೆ ಕೂರುವ ಹೊಳೆಯುವ ಅಲ್ಯೂಮಿನಿಯಂ ಪಾತ್ರೆ, ಅದೇ ಲೋಹದ ತಂತಿಯನ್ನು ಉಂಗುರದಂತೆ ಬಗ್ಗಿಸಿ ಮಾಡಿದ ಸ್ಟರರ್ (ಕಲಕುವ ಕಡ್ಡಿ), ಎರಡು ತೂತುಗಳಿರುವ ಕಪ್ಪು ಮುಚ್ಚಳ, 110 ಡಿಗ್ರಿಯವರೆಗೆ ಅಳೆಯುವ ಒಂದು ಥರ್ಮಾಮೀಟರ್, ನಾಲ್ಕು ಪುಟದ ಒಂದು ಕೈಪಿಡಿ. ಭೌತಶಾಸ್ತ್ರ ವಿಭಾಗದ ನನ್ನ ಸಹೋದ್ಯೋಗಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, “ಇದು ನಮ್ಮದೇ ಅಲ್ವಾ ಮೇಡಂ, ಹಿತ್ತಾಳೆ ಗುಂಡಿನ ವಿಶಿಷ್ಟೋಷ್ಣ ಕಂಡುಹಿಡಿಯೋಕೆ ಇಟ್ಕೊಂಡಿರೋದು” ಎಂದರು. ವಿಶಿಷ್ಟೋಷ್ಣ ಎಂದರೆ ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಉಷ್ಣ. ಆಗ ನಾನು ಅವರ ಮಾತನ್ನು ತಮಾಷೆಯೆಂದು ತೆಗೆದುಕೊಂಡೆ. ಈ ವಿಮರ್ಶೆಯ ಸಾರವೆಲ್ಲ ಅವರ ಆ ಒಂದು ಮಾತಿನಲ್ಲಿತ್ತು ಎಂದು ತಿಳಿಯಲು ನನಗೆ ಎರಡು ವಾರ ಹಿಡಿಯಿತು.

ಇಂಥ ಉಪಕರಣದಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ ಎಂಬುದನ್ನು ಇಲ್ಲಿ ಲೆಕ್ಕದ ಸಮೇತ ಹೇಳುವುದು ಒಳ್ಳೆಯದು. ಪ್ರಬಲ ಆಮ್ಲ ಮತ್ತು ಪ್ರಬಲ ಕ್ಷಾರ, ಅಂದರೆ ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ (ವಿದ್ಯುದಂಶ ಹೊತ್ತ ಕಣಗಳಾಗಿ) ಬಿಡಿಸಿಕೊಳ್ಳುವಂಥವು, ಬೆರೆತಾಗ ಯಾವ ಆಮ್ಲ ಯಾವ ಕ್ಷಾರ ಎಂಬುದು ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ನಿಜವಾಗಿ ನಡೆಯುವುದು ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡ್ ಅಯಾನಿನೊಡನೆ ಕೂಡಿ ನೀರಾಗುವ ಒಂದೇ ಕ್ರಿಯೆ. ಹಾಗಾಗಿ ಪಠ್ಯಪುಸ್ತಕಗಳು ಪ್ರತಿ ಮೋಲ್ (ರಸಾಯನಶಾಸ್ತ್ರದಲ್ಲಿ ಪದಾರ್ಥದ ಪ್ರಮಾಣವನ್ನು ಎಣಿಸುವ ಘಟಕ) ನೀರಿಗೆ 57.1 ಕಿಲೊಜೂಲ್ ಉಷ್ಣ ಹೊರಬರುತ್ತದೆ ಎಂದು ಒಂದೇ ಸಂಖ್ಯೆಯನ್ನು ಕೊಡುತ್ತವೆ. ಒಂದು ಮೋಲಾರ್ (ಲೀಟರಿಗೆ ಒಂದು ಮೋಲ್ ಕರಗಿರುವ) ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್, ಒಂದು ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿಲೀಟರ್ ತೆಗೆದುಕೊಂಡರೆ ಉಂಟಾಗುವ ನೀರು 0.05 ಮೋಲ್, ಹೊರಬರುವ ಉಷ್ಣ 2,855 ಜೂಲ್. ಈ ಉಷ್ಣ ಬೆರೆತ 100 ಗ್ರಾಂ ದ್ರಾವಣವನ್ನು ಕಾಯಿಸಬೇಕು. ಗ್ರಾಮಿಗೆ, ಡಿಗ್ರಿಗೆ 4.18 ಜೂಲಿನಂತೆ ಅದನ್ನು ಒಂದು ಡಿಗ್ರಿ ಏರಿಸಲು 418 ಜೂಲ್ ಬೇಕು. ಭಾಗಿಸಿದರೆ ಏರಿಕೆ 6.8 ಡಿಗ್ರಿ. ಪಾತ್ರೆ ಏನನ್ನೂ ಹೀರಿಕೊಳ್ಳದಿದ್ದರೆ, ಗಾಳಿಗೆ ಏನೂ ಸೋರದಿದ್ದರೆ ಬರಬೇಕಾದ ಗರಿಷ್ಠ ಏರಿಕೆ ಅಷ್ಟೇ. ಪ್ರಯೋಗದ ಇಡೀ ಜೀವ ಈ ಏಳು ಡಿಗ್ರಿಯೊಳಗಿನ ಅಂತರದಲ್ಲಿದೆ. ಅರ್ಧ ಡಿಗ್ರಿ ತಪ್ಪಿದರೆ ಫಲಿತಾಂಶದಲ್ಲಿ ನೂರಕ್ಕೆ ಏಳರಷ್ಟು ತಪ್ಪುತ್ತದೆ.

ಕಿಟ್ಟಿನ ಥರ್ಮಾಮೀಟರಿನಲ್ಲಿ ಗೆರೆಗಳಿರುವುದು ಡಿಗ್ರಿಗೊಂದರಂತೆ. ಮೊದಲ ದಿನ ಒಂದೇ ಪಾತ್ರೆಯ ಸುತ್ತ ನಿಂತ ಮೂವರು ವಿದ್ಯಾರ್ಥಿಗಳು ಒಂದೇ ಏರಿಕೆಯನ್ನು 5, 5.5 ಮತ್ತು 6 ಎಂದು ಬರೆದುಕೊಂಡರು. ಮೂವರನ್ನೂ ತಪ್ಪೆನ್ನುವಂತಿರಲಿಲ್ಲ. ಕೈಪಿಡಿಯ ಸೂತ್ರದಂತೆ ಲೆಕ್ಕ ಹಾಕಿದಾಗ ಅವರಿಗೆ ಬಂದ ತಟಸ್ಥೀಕರಣ ಉಷ್ಣ, ಅಂದರೆ ಒಂದು ಮೋಲ್ ನೀರು ಉಂಟಾಗುವಾಗ ಹೊರಬರುವ ಉಷ್ಣ, ಕ್ರಮವಾಗಿ 41.8, 46.0 ಮತ್ತು 50.2 ಕಿಲೊಜೂಲ್. ಒಂದೇ ದ್ರಾವಣ, ಒಂದೇ ಪಾತ್ರೆ, ಮೂರು ಜೋಡಿ ಕಣ್ಣು, ಎಂಟು ಕಿಲೊಜೂಲಿಗೂ ಮೀರಿದ ವ್ಯತ್ಯಾಸ.

ಇಷ್ಟರಲ್ಲೇ ನಿಂತಿದ್ದರೆ ಥರ್ಮಾಮೀಟರ್ ಬದಲಾಯಿಸಿ ಸುಮ್ಮನಾಗುತ್ತಿದ್ದೆ. ಆದರೆ ಮೂವರ ಉತ್ತರವೂ ಒಂದೇ ದಿಕ್ಕಿನಲ್ಲಿ, ಅಂದರೆ ಕಡಿಮೆಯಾಗಿ, ಬಂದದ್ದಕ್ಕೆ ಕಾರಣ ಪಾತ್ರೆಯಲ್ಲಿತ್ತು. ಪಾತ್ರೆ ಮತ್ತು ಸ್ಟರರನ್ನು ತಕ್ಕಡಿಗೆ ಹಾಕಿದೆ: 84 ಗ್ರಾಂ. ಅಲ್ಯೂಮಿನಿಯಂನ ವಿಶಿಷ್ಟೋಷ್ಣ ಗ್ರಾಮಿಗೆ 0.90 ಜೂಲ್; ಅಂದರೆ ಪ್ರತಿ ಡಿಗ್ರಿಗೆ ಸುಮಾರು 76 ಜೂಲನ್ನು ಪಾತ್ರೆಯೇ ನುಂಗುತ್ತದೆ. ಅದನ್ನೂ ಸೇರಿಸಿಕೊಂಡರೆ ಬರಬೇಕಾದ ಏರಿಕೆ 6.8 ಅಲ್ಲ, 5.8 ಡಿಗ್ರಿ ಮಾತ್ರ. ಕೈಪಿಡಿಯ ಸೂತ್ರದಲ್ಲಿ ದ್ರಾವಣದ ತೂಕವಿದೆ, ಪಾತ್ರೆಯ ತೂಕದ ಸುದ್ದಿಯೇ ಇಲ್ಲ. ಹೀಗಾಗಿ ವಿದ್ಯಾರ್ಥಿ ಎಷ್ಟೇ ಶ್ರದ್ಧೆಯಿಂದ ಅಳೆದರೂ ಅವನ ಉತ್ತರ 48ರ ಆಸುಪಾಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಥರ್ಮೋಕೋಲ್ ಲೋಟಕ್ಕೆ ಈ ಮರೆವು ಕ್ಷಮ್ಯ, ಲೋಹದ ಪಾತ್ರೆಗೆ ಅಲ್ಲ.

ಅದಕ್ಕಿಂತ ದೊಡ್ಡ ದೋಷವನ್ನು ಕಂಡದ್ದು ನಾನಲ್ಲ, ಬೇಲೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಒಬ್ಬ ವಿದ್ಯಾರ್ಥಿನಿ. ಕೈಪಿಡಿಯಲ್ಲಿ ಹೇಳಿದ್ದಂತೆ ಅವಳು ಮೊದಲು ಕ್ಷಾರವನ್ನು ಪಾತ್ರೆಗೆ ಹಾಕಿ, ತಾಪ ಸ್ಥಿರವಾಗಲೆಂದು ಕಾಯುತ್ತಿದ್ದಳು. “ಮೇಡಂ, ಆ್ಯಸಿಡ್ ಇನ್ನೂ ಹಾಕೇ ಇಲ್ಲ, ಆಗ್ಲೇ ಗುಳ್ಳೆ ಏಳ್ತಿದೆ” ಎಂದು ಕರೆದಳು. ಬಗ್ಗಿ ನೋಡಿದರೆ ಪಾತ್ರೆಯ ಒಳಗೋಡೆಯ ಮೇಲೆಲ್ಲ ಸಾಸಿವೆಗಿಂತಲೂ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಅಂಟಿಕೊಂಡಿದ್ದವು. ಸ್ಟರರಿನ ಉಂಗುರದಿಂದ ಒಂದೊಂದಾಗಿ ಬಿಡಿಸಿಕೊಂಡು ಮೇಲೇರುತ್ತಿದ್ದವು. ಥರ್ಮಾಮೀಟರಿನ ಕೆಂಪು ಎಳೆ ನಿಲ್ಲಬೇಕಾದ ಕಡೆ ನಿಲ್ಲದೆ ನಿಧಾನವಾಗಿ ತೆವಳುತ್ತಿತ್ತು. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆಯನ್ನು ಸೋಡಿಯಂ ಹೈಡ್ರಾಕ್ಸೈಡ್ ಕರಗಿಸುತ್ತದೆ, ಆಮೇಲೆ ಲೋಹದೊಡನೆಯೇ ವರ್ತಿಸಿ ಹೈಡ್ರೋಜನ್ ಬಿಡುಗಡೆ ಮಾಡುತ್ತದೆ, ಅದರ ಜೊತೆಗೆ ಉಷ್ಣವನ್ನೂ. ಅಂದರೆ ಅಳೆಯಬೇಕಾದ ಕ್ರಿಯೆ ಶುರುವಾಗುವ ಮೊದಲೇ ಬೇರೊಂದು ಕ್ರಿಯೆ ಪಾತ್ರೆಯನ್ನು ಕಾಯಿಸುತ್ತಿತ್ತು, ಜೊತೆಗೆ ನಮ್ಮ ಕ್ಷಾರವನ್ನೂ ಅಷ್ಟಿಷ್ಟು ತಿನ್ನುತ್ತಿತ್ತು. ಆಮ್ಲವನ್ನು ಮೊದಲು ಹಾಕಿದರೂ ಅಲ್ಯೂಮಿನಿಯಂ ಬಹಳ ಕಾಲ ಸುಮ್ಮನಿರುವ ಲೋಹವಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿಸಾರು ಇಡಬೇಡ, ಸೋಡಾ ಹಾಕಿ ತಿಕ್ಕಬೇಡ ಎಂದು ನಮ್ಮ ಮನೆಗಳಲ್ಲಿ ಹೇಳಿಕೊಟ್ಟಿರುತ್ತಾರೆ. ಆಮ್ಲ ಮತ್ತು ಕ್ಷಾರಕ್ಕೆಂದೇ ತಯಾರಿಸಿದ ಉಪಕರಣದ ವಿನ್ಯಾಸಕಾರರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಎರಡನೆಯ ವಾರದ ಹೊತ್ತಿಗೆ ನಾಲ್ಕೂ ಪಾತ್ರೆಗಳ ಹೊಳಪು ಹೋಗಿ ಒಳಮೈ ಬೂದಿ ಬಣ್ಣಕ್ಕೆ ತಿರುಗಿತ್ತು.

ಕೈಪಿಡಿಯ ವಿಷಯಕ್ಕೆ ಬಂದರೆ, ಇದು ಮಕ್ಕಳ ಕೈಗೆ ಕೊಡುವ ಕಾಗದವಲ್ಲ. ಮಾದರಿ ಲೆಕ್ಕದಲ್ಲಿ 50 ಮತ್ತು 50 ಮಿಲಿಲೀಟರ್ ಬೆರೆಸಿ, ಭಾಗಿಸುವಾಗ ಮಾತ್ರ 50 ಗ್ರಾಂ ಎಂದು ತೆಗೆದುಕೊಂಡಿದ್ದಾರೆ. ಹಾಗಾಗಿ ಏರಿಕೆ 13.7 ಡಿಗ್ರಿ ಎಂದು ಮುದ್ರಿತವಾಗಿದೆ. ಬಿಸಿಯಾಗುವುದು ಆಮ್ಲ ಮಾತ್ರವಲ್ಲ, ಕ್ಷಾರವೂ ಸೇರಿ ಇಡೀ ಮಿಶ್ರಣ ಎಂಬ ಮೂಲ ಸಂಗತಿಯೇ ಅಲ್ಲಿ ತಪ್ಪಿಹೋಗಿದೆ. ವಿನೋದವೆಂದರೆ, ಇದೇ 57.1 ಕಿಲೊಜೂಲನ್ನು ಹಳೆಯ ಪುಸ್ತಕಗಳು ಕಿಲೊಕ್ಯಾಲೊರಿಯಲ್ಲಿ ಬರೆಯುವಾಗ 13.7 ಎಂದೇ ಬರೆಯುತ್ತವೆ, ಹೀಗಾಗಿ ಆ ಸಂಖ್ಯೆಯನ್ನು ಎಲ್ಲೋ ಕಂಡ ನೆನಪಿರುವ ಅಧ್ಯಾಪಕರಿಗೆ ತಪ್ಪು ಕಣ್ಣಿಗೆ ಬೀಳದೆ ಹೋಗುವ ಸಂಭವವೇ ಹೆಚ್ಚು. ಮುಂದಿನ ಪುಟದಲ್ಲಿ ದ್ರಾವಣಗಳ ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ತಾಪದ ಏರಿಕೆಯೂ ದುಪ್ಪಟ್ಟಾಗುತ್ತದೆ ಎಂದಿದೆ. ಅದೂ ತಪ್ಪು. ಉಷ್ಣ ದುಪ್ಪಟ್ಟಾಗುವುದು ನಿಜ, ಆದರೆ ಕಾಯಬೇಕಾದ ನೀರೂ ದುಪ್ಪಟ್ಟಾಗುತ್ತದೆ. ಏರಿಕೆ ಇದ್ದಲ್ಲೇ ಇರುತ್ತದೆ. ಏರಿಕೆ ಬದಲಾಗಬೇಕಾದರೆ ದ್ರಾವಣದ ಸಾರತೆ, ಅಂದರೆ ಲೀಟರಿಗೆ ಕರಗಿರುವ ಪ್ರಮಾಣ, ಬದಲಾಗಬೇಕು: ಅರ್ಧ ಮೋಲಾರ್ ದ್ರಾವಣಗಳನ್ನು ಬೆರೆಸಿದರೆ ಪ್ರಮಾಣ ಎಷ್ಟೇ ಇರಲಿ, ಏರಿಕೆ 3.4 ಡಿಗ್ರಿಯನ್ನು ದಾಟುವುದಿಲ್ಲ. ಪರೀಕ್ಷೆಯಲ್ಲಿ ಪ್ರತಿವರ್ಷ ಮಕ್ಕಳು ಎಡವುವ ಜಾಗ ಇದೇ ಆದ್ದರಿಂದ ಈ ಕೈಪಿಡಿಯ ನಾಲ್ಕು ಪ್ರತಿಗಳನ್ನೂ ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಹಾಗೆಂದು ಕಿಟ್ಟನ್ನು ಪೂರ್ತಿಯಾಗಿ ತಿರಸ್ಕರಿಸುವಂತಿಲ್ಲ. ಮರದ ಪೆಟ್ಟಿಗೆಯೂ ಉಣ್ಣೆಯ ಹೊದಿಕೆಯೂ ನಿಜಕ್ಕೂ ಚೆನ್ನಾಗಿವೆ, ಮುಚ್ಚಳ ಬಿಗಿಯಾಗಿ ಕೂರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಉಳಿಸಿಕೊಂಡು ಪಾತ್ರೆಯನ್ನು ಬಿಡುವುದೆಂದು ನಿಶ್ಚಯಿಸಿ, ಒಂದು ಸಂಜೆ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಕಟ್ಟಿನಕೆರೆ ಮಾರುಕಟ್ಟೆಗೆ ಹೋದೆ. ಪಾತ್ರೆ ಅಂಗಡಿಯಲ್ಲಿ ಒಂದೊಂದೇ ಡಬ್ಬಿಯನ್ನು ಪೆಟ್ಟಿಗೆಯೊಳಗೆ ಇಳಿಸಿ ನೋಡುವುದನ್ನು ಕಂಡು ಅಂಗಡಿಯವರು, “ಏನು ಹಾಕಿಡೋಕಮ್ಮಾ, ಉಪ್ಪಿನಕಾಯಿಯಾ?” ಎಂದು ಕೇಳಿದರು. 30 ರೂಪಾಯಿಯ ತೆಳುಗೋಡೆಯ ಪ್ಲಾಸ್ಟಿಕ್ ಡಬ್ಬಿಯೊಂದು ಅಳತೆ ಮಾಡಿ ಮಾಡಿಸಿದಂತೆ ಕೂತಿತು. ಸ್ಟರರಿಗೆ ತೆಳುವಾದ ಗಾಜಿನ ಕಡ್ಡಿ ಸಾಕಾಯಿತು. ಥರ್ಮಾಮೀಟರ್ ಬದಲಿಗೆ 0.1 ಡಿಗ್ರಿಯವರೆಗೆ ತೋರಿಸುವ ಡಿಜಿಟಲ್ ಪ್ರೋಬ್ ಕೊಂಡೆವು.

ಡಿಜಿಟಲ್ ಎಂದ ಮಾತ್ರಕ್ಕೆ ನಂಬುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ದಶಮಾಂಶ ತೋರಿಸುವುದು ಬೇರೆ, ಸರಿಯಾಗಿ ತೋರಿಸುವುದು ಬೇರೆ. ಅಗ್ಗದ ಪ್ರೋಬ್ ಒಂದು ಡಿಗ್ರಿಯಷ್ಟು ಹೆಚ್ಚೋ ಕಡಿಮೆಯೋ ತೋರಿಸಬಹುದು. ಒಂದೇ ಪ್ರೋಬಿನಿಂದ ಮೊದಲನ್ನೂ ಕೊನೆಯನ್ನೂ ಅಳೆದರೆ ಆ ದೋಷ ಕಳೆದುಹೋಗುತ್ತದೆ, ಆಮ್ಲಕ್ಕೊಂದು ಕ್ಷಾರಕ್ಕೊಂದು ಪ್ರೋಬ್ ಇಟ್ಟರೆ ಉಳಿದುಕೊಳ್ಳುತ್ತದೆ. ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ ಅದ್ದಿ ಸೊನ್ನೆಯನ್ನು ಪರೀಕ್ಷಿಸುವುದು ಸುಲಭ. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಮಾತ್ರ ಊರಿನ ಎತ್ತರವನ್ನು ಮರೆಯಬಾರದು: ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಪ್ರೋಬ್ 100 ತೋರಿಸಲಿಲ್ಲವೆಂದು ಅದನ್ನು ವಾಪಸು ಕಳಿಸಲು ಹೊರಟಿದ್ದ ನಮ್ಮ ಅಟೆಂಡರನ್ನು ತಡೆದು ಇದನ್ನು ವಿವರಿಸಬೇಕಾಯಿತು.

ಹೊಸ ಡಬ್ಬಿ ಎಷ್ಟು ಉಷ್ಣ ನುಂಗುತ್ತದೆ ಎಂಬುದನ್ನು ಬಿಸಿನೀರು ಬೆರೆಸಿ ಕಂಡುಕೊಂಡೆವು. ಡಬ್ಬಿಯಲ್ಲಿ 25.0 ಡಿಗ್ರಿಯ ತಣ್ಣೀರು 50 ಮಿಲಿಲೀಟರ್, ಅದಕ್ಕೆ 45.0 ಡಿಗ್ರಿಯ ಬಿಸಿನೀರು 50 ಮಿಲಿಲೀಟರ್. ಡಬ್ಬಿ ಏನೂ ನುಂಗದಿದ್ದರೆ 35.0ಕ್ಕೆ ನಿಲ್ಲಬೇಕಿತ್ತು; ನಿಂತದ್ದು 34.6ಕ್ಕೆ. ಬಿಸಿನೀರು ಕಳೆದುಕೊಂಡದ್ದು 209 × 10.4, ಅಂದರೆ 2,174 ಜೂಲ್. ತಣ್ಣೀರು ಪಡೆದದ್ದು 209 × 9.6, ಅಂದರೆ 2,006 ಜೂಲ್. ಲೆಕ್ಕಕ್ಕೆ ಸಿಗದ 167 ಜೂಲ್ ಡಬ್ಬಿ, ಕಡ್ಡಿ ಮತ್ತು ಪ್ರೋಬಿನ ಪಾಲಾಯಿತು. ಅವು ಬಿಸಿಯಾದದ್ದೂ 9.6 ಡಿಗ್ರಿಯೇ ಆದ್ದರಿಂದ ಡಿಗ್ರಿಗೆ 17.4 ಜೂಲ್. ಅಲ್ಯೂಮಿನಿಯಂ ಪಾತ್ರೆಯ 76ರ ಮುಂದೆ ಇದು ಕಾಲುಭಾಗಕ್ಕಿಂತಲೂ ಕಡಿಮೆ. ಬಿಸಿನೀರಿನ ತಾಪವನ್ನು ಸುರಿಯುವ ಕ್ಷಣದಲ್ಲೇ ಅಳೆಯಬೇಕು. ಬೀಕರನ್ನು ಮೇಜಿನ ಆ ತುದಿಯಿಂದ ಈ ತುದಿಗೆ ತರುವಷ್ಟರಲ್ಲಿ ಅದು ಅರ್ಧ ಡಿಗ್ರಿ ಇಳಿದಿರುತ್ತದೆ.

ಆಮೇಲೆ ನಿಜವಾದ ಪ್ರಯೋಗ. ಮೊದಲ ಸಲ ಕೆಟ್ಟಿತು, ಅದಕ್ಕೆ ಕಿಟ್ ಹೊಣೆಯಲ್ಲ. ಅದೇ ಬೆಳಿಗ್ಗೆ ಕರಗಿಸಿದ ಸೋಡಿಯಂ ಹೈಡ್ರಾಕ್ಸೈಡ್ ಇನ್ನೂ ಬೆಚ್ಚಗಿತ್ತು. ಆಮ್ಲ 24 ಡಿಗ್ರಿ ಇದ್ದರೆ ಅದು 29 ಇತ್ತು. ಈ ಕ್ಷಾರದ ಬಿಲ್ಲೆಗಳು ನೀರಿನಲ್ಲಿ ಕರಗುವಾಗಲೇ ಸಾಕಷ್ಟು ಉಷ್ಣ ಬಿಡುತ್ತವೆ, ಆದ್ದರಿಂದ ದ್ರಾವಣವನ್ನು ಹಿಂದಿನ ದಿನವೇ ತಯಾರಿಸಿ, ಮುಚ್ಚಿ, ಎರಡೂ ಸೀಸೆಗಳನ್ನು ರಾತ್ರಿಯಿಡೀ ಒಂದೇ ಮೇಜಿನ ಮೇಲೆ ಇಡಬೇಕು. ಬಿಲ್ಲೆಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುವುದರಿಂದ 40 ಗ್ರಾಂ ತೂಗಿ ಒಂದು ಲೀಟರ್ ಮಾಡಿದ ಮಾತ್ರಕ್ಕೆ ಅದು ಒಂದು ಮೋಲಾರ್ ಆಗುವುದಿಲ್ಲ. ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡಿ, ಅಂದರೆ ಎಷ್ಟು ಆಮ್ಲಕ್ಕೆ ಎಷ್ಟು ಕ್ಷಾರ ಸರಿಹೊಂದುತ್ತದೆಂದು ಅಳೆದು, ಖಚಿತಪಡಿಸಿಕೊಂಡೆವು. ಮರುದಿನ ಎರಡೂ 24.6 ಡಿಗ್ರಿಗೆ ಬಂದು ನಿಂತವು. ಆಮ್ಲವನ್ನು ಒಂದೇ ಸಲಕ್ಕೆ ಸುರಿದು, ಮುಚ್ಚಿ, ಕಲಕುತ್ತ, ಅರ್ಧ ನಿಮಿಷಕ್ಕೊಮ್ಮೆ ಬರೆದುಕೊಂಡು, ಇಳಿಯುವ ಗೆರೆಯನ್ನು ಗ್ರಾಫಿನಲ್ಲಿ ಹಿಂದಕ್ಕೆ ಎಳೆದು, ಬೆರೆಸಿದ ಕ್ಷಣದ ತಾಪವನ್ನು ಓದಿದಾಗ 31.0 ಬಂದಿತು. ಏರಿಕೆ 6.4 ಡಿಗ್ರಿ. ದ್ರಾವಣದ 418 ಮತ್ತು ಡಬ್ಬಿಯ 17.4 ಸೇರಿ 435.4, ಅದನ್ನು 6.4ರಿಂದ ಗುಣಿಸಿದರೆ 2,787 ಜೂಲ್, 0.05 ಮೋಲಿನಿಂದ ಭಾಗಿಸಿದರೆ ಮೋಲಿಗೆ 55.7 ಕಿಲೊಜೂಲ್. ಉಷ್ಣ ಹೊರಬರುವ ಕ್ರಿಯೆಯಾದ್ದರಿಂದ ಎನ್ಥಾಲ್ಪಿ (ಉಷ್ಣಾಂಶ) ಬದಲಾವಣೆಯನ್ನು ಋಣ ಚಿಹ್ನೆಯೊಡನೆ ಬರೆಯಬೇಕು. ಕೈಪಿಡಿಯಲ್ಲಿ ಆ ಚಿಹ್ನೆಯೂ ಇಲ್ಲ.

55.7 ಬಂದಿತೆಂದು ಬೀಗುವ ಹಾಗಿಲ್ಲ. 25 ಡಿಗ್ರಿಯಲ್ಲಿ, ಅತ್ಯಂತ ತೆಳುವಾಗಿಸಿದ ದ್ರಾವಣಗಳಿಗೆ ಈ ಮೌಲ್ಯ ಸುಮಾರು 55.8, ತಾಪ ಇಳಿದಂತೆ ಅದು ಸ್ವಲ್ಪ ಹೆಚ್ಚುತ್ತ 20 ಡಿಗ್ರಿಯ ಹೊತ್ತಿಗೆ 57ರ ಸಮೀಪ ಬರುತ್ತದೆ. ನಾವು ಬಳಸಿದ್ದು ಒಂದು ಮೋಲಾರ್ ದ್ರಾವಣ, ಅಲ್ಲಿ ಬೆರೆಯುವಾಗ ದ್ರಾವಣ ತೆಳುವಾಗುವುದರ ಉಷ್ಣವೂ ಒಂದಿಷ್ಟು ಸೇರಿಕೊಳ್ಳುತ್ತದೆ. ಉಳಿಯುವ ಉಪ್ಪುನೀರು ಶುದ್ಧ ನೀರಿಗಿಂತ ಒಂದಿಷ್ಟು ಭಾರ, ಅದರ ವಿಶಿಷ್ಟೋಷ್ಣ ಒಂದಿಷ್ಟು ಕಡಿಮೆ; ಈ ಎರಡು ತಪ್ಪುಗಳು ಎದುರುಬದುರಾಗಿ ಎಳೆದು ಒಂದನ್ನೊಂದು ಬಹುಮಟ್ಟಿಗೆ ಮುಚ್ಚಿಹಾಕುತ್ತವೆ. ಹಾಗಾಗಿ ನಮ್ಮ ಸಂಖ್ಯೆಯ ನಿಖರತೆಯಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಅದೇ ಡಬ್ಬಿಯಲ್ಲಿ ಅನಂತರ ಬೇರೆ ಬೇರೆ ತಂಡಗಳು ಮಾಡಿದಾಗ ಏರಿಕೆ 6.3ರಿಂದ 6.5ರೊಳಗೇ ಬಂದಿತು ಎಂಬುದು ನನಗೆ ಹೆಚ್ಚು ಸಮಾಧಾನ ತಂದ ವಿಷಯ.

ಕಿಟ್ಟಿನ ಮುಚ್ಚಳದ ಮೇಲೆ ‘ಪ್ರಬಲ ಮತ್ತು ದುರ್ಬಲ ಆಮ್ಲಗಳ ಹೋಲಿಕೆಗೆ ಸೂಕ್ತ’ ಎಂದೂ ಬರೆದಿದ್ದಾರೆ. ದುರ್ಬಲ ಆಮ್ಲವಾದ ಅಸಿಟಿಕ್ ಆಮ್ಲಕ್ಕೆ ಪುಸ್ತಕಗಳು ಕೊಡುವ ಮೌಲ್ಯ 55ರಿಂದ 56 ಕಿಲೊಜೂಲ್. ತನ್ನ ಅಯಾನುಗಳನ್ನು ಬಿಡಿಸಿಕೊಳ್ಳಲು ಖರ್ಚಾಗುವ ಉಷ್ಣದಿಂದಾಗಿ ಅದು ಕಡಿಮೆ. ನಮ್ಮ ಡಬ್ಬಿಯ ಲೆಕ್ಕದಲ್ಲಿ ಆ ವ್ಯತ್ಯಾಸ ಹೆಚ್ಚೆಂದರೆ 0.2 ಡಿಗ್ರಿ. ಡಿಗ್ರಿಗೊಂದು ಗೆರೆಯಿರುವ ಥರ್ಮಾಮೀಟರಿನಿಂದ ಅದನ್ನು ನೋಡುತ್ತೇನೆ ಎನ್ನುವುದು ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಕೇಸರಿ ತೂಗಲು ಹೊರಟಂತೆ. ಅಮೋನಿಯಾ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಮೌಲ್ಯ 51.5ರ ಹತ್ತಿರ ಇಳಿಯುವುದರಿಂದ ಅಲ್ಲಿ 0.6 ಡಿಗ್ರಿಯಷ್ಟು ಅಂತರ ಸಿಗುತ್ತದೆ. ಪ್ರೋಬ್ ಇದ್ದವರು ಅದನ್ನು ಮಾಡಿಸಬಹುದು.

ಅಂಗಡಿಯವರಿಗೆ ಫೋನ್ ಮಾಡಿ ಗುಳ್ಳೆಯ ವಿಷಯ ಹೇಳಿದೆ. “ಎಲ್ಲ ಕಾಲೇಜಿಗೂ ಇದನ್ನೇ ಕೊಡ್ತಿರೋದು ಮೇಡಂ, ಇದುವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ” ಎಂಬ ಉತ್ತರ ಬಂದಿತು. ಬಳಸಿದ ಸಾಮಾನನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲವೆಂದರು, ಅದು ನ್ಯಾಯವೇ. ತಾಮ್ರದ ಪಾತ್ರೆ ಬೇಕಾದರೆ ಹೆಚ್ಚಿನ ಬೆಲೆಗೆ ಕೊಡುವುದಾಗಿ ಹೇಳಿದರು. ತಾಮ್ರ ಕ್ಷಾರಕ್ಕೆ ಗುಳ್ಳೆ ಎಬ್ಬಿಸುವುದಿಲ್ಲ, ವಿಶಿಷ್ಟೋಷ್ಣವೂ ಗ್ರಾಮಿಗೆ 0.39 ಜೂಲ್ ಮಾತ್ರ. ಆದರೆ ಅಷ್ಟೇ ಗಾತ್ರದ ತಾಮ್ರದ ಪಾತ್ರೆ ತೂಕದಲ್ಲಿ ಮೂರು ಪಟ್ಟಿಗೂ ಮೀರುವುದರಿಂದ ನುಂಗುವ ಉಷ್ಣದಲ್ಲಿ ಲಾಭವೇನೂ ಇಲ್ಲ. ಬೇಡವೆಂದೆ.

ರಸಾಯನಶಾಸ್ತ್ರ ವಿಭಾಗದವರು ಈ ಕಿಟ್ಟನ್ನು 1,450 ರೂಪಾಯಿ ಕೊಟ್ಟು ಕೊಳ್ಳಬೇಕಾಗಿಲ್ಲ. ಮರದ ಪೆಟ್ಟಿಗೆಯನ್ನು ಊರಿನ ಬಡಗಿಯಿಂದ ಮಾಡಿಸಿ, ಒಳಗೆ ಹಳೆಯ ಸ್ವೆಟರ್ ತುಂಬಿ, ಉಳಿದ ಹಣವನ್ನು ಒಳ್ಳೆಯ ಪ್ರೋಬಿಗೆ ಹಾಕುವುದು ಮೇಲು. ಈಗಾಗಲೇ ಕೊಂಡವರು ಪಾತ್ರೆಯನ್ನಷ್ಟೇ ಬದಲಾಯಿಸಿಕೊಂಡರೆ ನಷ್ಟ ಅರ್ಧಕ್ಕರ್ಧ ತಗ್ಗುತ್ತದೆ. ನಮ್ಮ ನಾಲ್ಕು ಅಲ್ಯೂಮಿನಿಯಂ ಪಾತ್ರೆಗಳನ್ನು ಅಟೆಂಡರ್ ಚೆನ್ನಾಗಿ ತೊಳೆದು ಪಕ್ಕದ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದಾರೆ. ಅಲ್ಲಿ ಅವುಗಳಲ್ಲಿ ನೀರು ತುಂಬಿ, ಕಾಯಿಸಿದ ಹಿತ್ತಾಳೆ ಗುಂಡನ್ನು ಇಳಿಬಿಡುತ್ತಾರೆ. ಪಾತ್ರೆಯ ತೂಕವನ್ನು ಲೆಕ್ಕಕ್ಕೆ ಸೇರಿಸುವ ಪದ್ಧತಿಯೂ ಅವರಲ್ಲಿ ಮೊದಲಿನಿಂದ ಇದೆ.